ಏನು ಸಿಕ್ಕಿತು ಎಂದಲ್ಲ, ಎಲ್ಲಿ ಸಿಕ್ಕಿತು ಎಂದು ಕೇಳಿ!

(ಬಳಗದ ಯುವ ಕಾರ್ಯಕರ್ತರ ಸಭೆಯಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳ ಬರಹ ರೂಪ)



ನಾನು ಭಾಷಣಕಾರನಲ್ಲ. ಪಿಯುಸಿ ಮುಗಿಸಿ ಅಪ್ಪನ ಪ್ರೆಸ್ಸಿನಲ್ಲಿ ಕೂತವನು. ನಿಮ್ಮ ಕರಪತ್ರ, ಪೋಸ್ಟರು, ರಾಜ್ಯೋತ್ಸವದ ರಸೀದಿ ಪುಸ್ತಕ ಅಚ್ಚು ಹಾಕಿಕೊಡುವವನು. ಇವತ್ತು ಪುರಾತತ್ವದ ಬಗ್ಗೆ ಮಾತಾಡುತ್ತೇನೆ ಅಂದಾಗ ನಮ್ಮ ಹುಡುಗರೇ ನಕ್ಕರು. "ಅಣ್ಣ, ನಿಮಗೂ ನೆಲ ಅಗೆಯೋದಕ್ಕೂ ಏನು ಸಂಬಂಧ?" ಅಂದರು. ಸಂಬಂಧ ಇದೆ. ಒಂದು ತಪ್ಪಿನ ಸಂಬಂಧ. ಅದನ್ನೇ ಮೊದಲು ಹೇಳಿಬಿಡುತ್ತೇನೆ.

ಕೆಲವು ವರ್ಷಗಳ ಹಿಂದೆ ಊರಂಚಿನ ಕೆರೆ ಪಕ್ಕ ಹೊಸ ಬಡಾವಣೆಗೆ ನೆಲ ಸಮ ಮಾಡುವಾಗ ಒಂದು ವೀರಗಲ್ಲು ಕಾಣಿಸಿತು. ಮೇಲೆ ನಾಲ್ಕು ಸಾಲು ಹಳಗನ್ನಡ. ಸುದ್ದಿ ತಿಳಿದ ಕೂಡಲೇ ಓಡಿದೆವು. ಕನ್ನಡದ ಕಲ್ಲು! ಬಿಟ್ಟರೆ ಯಾವನದೋ ಮನೆ ಪಾಯಕ್ಕೆ ಹೋಗುತ್ತದೆ ಎಂಬ ಆತಂಕ. ಆ ಆತಂಕ ಸುಳ್ಳಲ್ಲ, ಹಾಗೆ ಹೋದ ಕಲ್ಲುಗಳು ಎಷ್ಟೋ. ಜೆಸಿಬಿಯವನಿಗೆ ತಿಂಡಿ ಕೊಡಿಸಿ, ಕಲ್ಲನ್ನು ಎತ್ತಿಸಿ, ಸರ್ಕಲ್ಲಿಗೆ ತಂದು ನಿಲ್ಲಿಸಿದೆವು. ಆಸಿಡ್ ಹಾಕಿ ಉಜ್ಜಿದೆವು. ಕಲ್ಲಿಗೆ ಕೆಂಪು, ಅಕ್ಷರಕ್ಕೆ ಹಳದಿ ಎನಾಮಲ್ ಪೇಂಟು ಬಳಿದೆವು. ಪೇಂಟಿನ ದುಡ್ಡು ನನ್ನದು. '೧೫೦೦ ವರ್ಷ ಹಳೆಯ ಕನ್ನಡ ಶಾಸನ' ಎಂಬ ಕರಪತ್ರವೂ ನನ್ನ ಪ್ರೆಸ್ಸಿನದೇ. ಎರಡು ಸಾವಿರ ಪ್ರತಿ, ಉಚಿತ.

ವಾರದ ಮೇಲೆ ಒಬ್ಬ ನಿವೃತ್ತ ಕನ್ನಡ ಮೇಷ್ಟ್ರು ಬಂದರು. ಚೀಲದಲ್ಲಿ ಕಾಗದ, ಬ್ರಷ್ಷು, ಮಸಿ. ಶಾಸನದ ಪಡಿಯಚ್ಚು ತೆಗೆಯಲು ಬಂದಿದ್ದರು. ಒದ್ದೆ ಕಾಗದವನ್ನು ಕಲ್ಲಿನ ಮೇಲೆ ಹಾಸಿ ಬ್ರಷ್ಷಿನಿಂದ ತಟ್ಟುತ್ತಾರೆ. ಕಾಗದ ಅಕ್ಷರದ ಗುಂಡಿಗೆ ಇಳಿಯುತ್ತದೆ. ಮೇಲೆ ಮಸಿ ಹಚ್ಚಿದರೆ ಕಲ್ಲು ಕಪ್ಪಾಗಿ, ಅಕ್ಷರ ಬೆಳ್ಳಗೆ ಮೂಡುತ್ತದೆ. ನಮ್ಮ ಕಸುಬಿಗೆ ಅಣ್ಣತಮ್ಮನಂಥ ಕೆಲಸ ಅದು. ಆದರೆ ಮೇಷ್ಟ್ರು ಕಲ್ಲು ನೋಡಿ ಚೀಲ ಬಿಚ್ಚಲೇ ಇಲ್ಲ. ಗುಂಡಿಗಳಲ್ಲಿ ಪೇಂಟು ಗಟ್ಟಿಯಾಗಿ ಕೂತಿತ್ತು. ಅಕ್ಷರ ಸವೆದ ಕಡೆ ನಮ್ಮ ಪೇಂಟರು ತನಗೆ ತೋಚಿದ ಅಕ್ಷರ ಬರೆದಿದ್ದ!

ಅವರು ಬೈಯಲಿಲ್ಲ. ಮೂರು ಪ್ರಶ್ನೆ ಕೇಳಿದರು. "ಕಲ್ಲು ಎಲ್ಲಿ ನಿಂತಿತ್ತಪ್ಪ? ಮುಖ ಯಾವ ದಿಕ್ಕಿಗಿತ್ತು? ಬುಡದಲ್ಲಿ, ಪಕ್ಕದಲ್ಲಿ ಏನಿತ್ತು?" ಹದಿನೈದು ಜನ ಇದ್ದೆವು. ಒಬ್ಬನಿಗೂ ಗೊತ್ತಿಲ್ಲ. ನಮ್ಮ ಫೋಟೋಗಳಲ್ಲಿ ನಮ್ಮ ಮುಖಗಳಿದ್ದವು, ಜಾಗ ಇರಲಿಲ್ಲ. ಉಳಿದ ಅಕ್ಷರಗಳ ಆಕಾರ ನೋಡಿ, ಹತ್ತನೇ ಶತಮಾನದ್ದು ಇರಬಹುದು ಅಂದರು. ಅಂದರೆ ನನ್ನ ಕರಪತ್ರ ನಾನೂರೈವತ್ತು ವರ್ಷದಷ್ಟು ಸುಳ್ಳು ಹೇಳಿತ್ತು.

ಅವತ್ತಿನಿಂದ ಆ ಮೇಷ್ಟ್ರ ಹಿಂದೆ ಬಿದ್ದೆ. ಅವರು ಕೊಟ್ಟ ಪುಸ್ತಕ ಓದಿದೆ, ಅವರ ಜೊತೆ ಬಳ್ಳಾರಿ, ಚಿತ್ರದುರ್ಗದ ಕಡೆ ತಿರುಗಿದೆ. ಗೊತ್ತಾದದ್ದು ಇಷ್ಟು. 'ಏನು ಸಿಕ್ಕಿತು' ಎಂಬ ಪ್ರಶ್ನೆಯಿಂದ 'ಎಲ್ಲಿ ಸಿಕ್ಕಿತು, ಯಾವುದರ ಜೊತೆ ಸಿಕ್ಕಿತು' ಎಂಬ ಪ್ರಶ್ನೆಗೆ ಬರಲು ದೊಡ್ಡ ದೊಡ್ಡ ವಿದ್ವಾಂಸರಿಗೇ ನೂರು ವರ್ಷ ಹಿಡಿದಿದೆ. ನಾವು ಮೊದಲನೇ ಮೆಟ್ಟಿಲಲ್ಲೇ ನಿಂತು ಜೈಕಾರ ಹಾಕುತ್ತಿದ್ದೇವೆ.

ಆ ಮೊದಲನೇ ಮೆಟ್ಟಿಲು ಹೇಗಿತ್ತು? ಯೂರೋಪಿನಲ್ಲಿ ದೊರೆಗಳು, ಜಮೀನ್ದಾರರು ಗೋರಿ ಅಗೆಸುತ್ತಿದ್ದರು. ಚೆನ್ನಾಗಿ ಕಂಡದ್ದನ್ನು ಬೀರುವಿನಲ್ಲಿಡುತ್ತಿದ್ದರು, ಉಳಿದದ್ದನ್ನು ಎಸೆಯುತ್ತಿದ್ದರು. ಎಲ್ಲವೂ 'ಪುರಾತನ', ಅಷ್ಟೇ. ಯಾವುದು ಮೊದಲು, ಯಾವುದು ಆಮೇಲೆ ಎಂಬುದು ತಿಳಿಯದು. ಡೆನ್ಮಾರ್ಕಿನ ಕ್ರಿಶ್ಚಿಯನ್ ಥಾಮ್ಸನ್ ಎಂಬುವನು ಕೋಪನ್‌ಹೇಗನ್ ಸಂಗ್ರಹಾಲಯದ ರಾಶಿಯನ್ನು ಕಲ್ಲು, ಕಂಚು, ಕಬ್ಬಿಣ ಎಂದು ಮೂರು ಯುಗಗಳಾಗಿ ವಿಂಗಡಿಸಿ, ೧೮೩೬ರಲ್ಲಿ ಒಂದು ಕೈಪಿಡಿ ತಂದ. ಇವತ್ತು ಶಾಲೆಯ ಪುಸ್ತಕದಲ್ಲಿ ನೀವು ಓದುವ ಶಿಲಾಯುಗ, ಲೋಹಯುಗ ಅಲ್ಲಿಂದ ಬಂದದ್ದು. ಥಾಮ್ಸನ್ ವಿಶ್ವವಿದ್ಯಾಲಯದಲ್ಲಿ ಓದಿದವನಲ್ಲ, ವ್ಯಾಪಾರಿ ಮನೆತನದವನು. ನನ್ನಂಥವರಿಗೆ ಸಮಾಧಾನದ ವಿಷಯ!

ಆಮೇಲೆ ಬಂದವರು ಆಕಾರದ ಲೆಕ್ಕ ಹಿಡಿದರು. ಕೊಡಲಿಯ ಆಕಾರ, ಮಡಕೆಯ ಬಾಯಿ ಹೇಗೆ ಮೆಲ್ಲಗೆ ಬದಲಾಗುತ್ತದೆ ಎಂದು ನೋಡಿ ಸಾಲಾಗಿ ಜೋಡಿಸಿದರು. ಇದು ನನಗೆ ತಕ್ಷಣ ಅರ್ಥವಾಯಿತು. ತಾರೀಖು ಹರಿದುಹೋದ ಒಂದು ಹಳೇ ಮದುವೆ ಕರೆಯೋಲೆ ಕೊಡಿ. ಬೆನ್ನು ಸವರಿ ನೋಡಿ, ಮೊಳೆ ಜೋಡಿಸಿ ಒತ್ತಿದ್ದೋ, ಆಫ್‌ಸೆಟ್ಟೋ ಹೇಳುತ್ತೇನೆ. ಅಕ್ಷರ ನೋಡಿ, ಕಂಪ್ಯೂಟರಿನದೋ ಅಲ್ಲವೋ ಹೇಳುತ್ತೇನೆ. ಆದರೆ ಇದರಲ್ಲೊಂದು ಮೋಸವಿದೆ. ಬೆಂಗಳೂರು ಕಂಪ್ಯೂಟರ್ ಅಕ್ಷರಕ್ಕೆ ಹೋದ ಮೇಲೂ ಸಣ್ಣ ಊರುಗಳಲ್ಲಿ ಟ್ರೆಡಲ್ ಮಷಿನ್ನು ಎಷ್ಟೋ ವರ್ಷ ಓಡಿತು. ಆಕಾರ ಹಿಂದುಮುಂದು ಹೇಳುತ್ತದೆ, ಇಸವಿ ಹೇಳುವುದಿಲ್ಲ.

ಈಗ ನಮ್ಮ ನೆಲಕ್ಕೆ ಬನ್ನಿ. ಪುರಾತತ್ವ ಹೇಗೆ ಬೆಳೆಯಿತು ಎಂದು ತೋರಿಸಲು ನನಗೆ ಈಜಿಪ್ಟಿನ ಪಿರಮಿಡ್ಡು ಬೇಕಿಲ್ಲ. ನಮ್ಮ ಬಳ್ಳಾರಿ, ರಾಯಚೂರು, ಯಾದಗಿರಿ ಸೀಮೆಯ ಬೂದಿಗುಡ್ಡ ಸಾಕು.

ನಿಮ್ಮಲ್ಲಿ ಎಷ್ಟು ಜನ ಬೂದಿಗುಡ್ಡ ನೋಡಿದ್ದೀರಿ? ಕೈ ಎತ್ತಿ. ನೋಡಿ, ಇಬ್ಬರು! ಬಯಲಿನಲ್ಲಿ, ಬೆಟ್ಟದ ಬುಡದಲ್ಲಿ, ಬೂದಿಯ ದಿಬ್ಬ. ಕೆಲವು ಎರಡಾಳು ಎತ್ತರಕ್ಕಿಂತ ಹೆಚ್ಚು. ಕೆಲವು ಕಡೆ ಬೂದಿ ಕರಗಿ ಗಾಜಿನ ಹಾಗೆ ಗಟ್ಟಿಯಾಗಿದೆ. ಇಂಥವು ನಮ್ಮಲ್ಲೂ ಪಕ್ಕದ ತೆಲುಗು ಸೀಮೆಯಲ್ಲೂ ಸೇರಿ ನೂರಕ್ಕೂ ಹೆಚ್ಚಿವೆ. ಜನ ಹೆಸರಿನಲ್ಲೇ ಇದನ್ನು ಉಳಿಸಿಕೊಂಡಿದ್ದಾರೆ. ಬೂದಿಹಾಳ, ಬೂದಿಗುಂಟೆ. ಹಂಪಿಯ ಹತ್ತಿರ ನಿಂಬಾಪುರದ ದಿಬ್ಬವನ್ನು ವಾಲಿಯನ್ನು ಸುಟ್ಟ ಜಾಗ ಅನ್ನುತ್ತಾರೆ. ಇನ್ನೊಂದು ಕಡೆ ಭೀಮ ಕೊಂದ ರಾಕ್ಷಸನ ಬೂದಿ ಅನ್ನುತ್ತಾರೆ.

ಮದ್ರಾಸು ಸೈನ್ಯದ ಕ್ಯಾಪ್ಟನ್ ನ್ಯೂಬೋಲ್ಡ್ ಎಂಬುವನು ಈ ದಿಬ್ಬಗಳ ಬಗ್ಗೆ ೧೮೪೩ರಲ್ಲೇ ಬರೆದ. ಜ್ವಾಲಾಮುಖಿಯ ಬೂದಿಯೇ? ಕುಲುಮೆಯ ಬೂದಿಯೇ? ವಿಜಯನಗರ ಕಾಲದ ಚಿತೆಗಳ ಬೂದಿಯೇ? ಒಬ್ಬೊಬ್ಬರದು ಒಂದೊಂದು ಊಹೆ. ಭೂವಿಜ್ಞಾನ ಇಲಾಖೆಯ ರಾಬರ್ಟ್ ಬ್ರೂಸ್ ಫೂಟ್ ಮಾತ್ರ ಸರಿಯಾದ ದಾರಿ ಹಿಡಿದ. ಈತನೇ ೧೮೬೩ರಲ್ಲಿ ಮದ್ರಾಸಿನ ಪಕ್ಕ ಪಲ್ಲಾವರಂನಲ್ಲಿ ಹಳೆ ಶಿಲಾಯುಗದ ಕಲ್ಲಿನ ಕೊಡಲಿ ಗುರುತಿಸಿದವನು. ಬಂಡೆ, ಮಣ್ಣು ಓದುವ ಕಸುಬಿನವನಾದ್ದರಿಂದ ದಿಬ್ಬದ ಜೊತೆ ಏನೇನು ಬಿದ್ದಿದೆ ಎಂದು ನೋಡಿದ. ನಯಗೊಳಿಸಿದ ಕಲ್ಲಿನ ಕೊಡಲಿ, ಮಡಕೆ ಚೂರು, ದನದ ಮೂಳೆ. ಇದು ದನದ ಸಗಣಿ ಸುಟ್ಟ ಬೂದಿ, ಕಲ್ಲಿನ ಕೊಡಲಿ ಹಿಡಿದ ಜನರದು ಎಂದ. ಆ ಮಾತು ಎಲ್ಲರೂ ಒಪ್ಪುವ ಹಾಗೆ ಸಾಬೀತಾಗಲು ಸುಮಾರು ನೂರು ವರ್ಷ ಬೇಕಾಯಿತು.

ಯಾಕೆ ಅಷ್ಟು ಕಾಲ? ಮೇಲೆ ಬಿದ್ದದ್ದನ್ನು ನೋಡಿ ಹೇಳುವುದು ಬೇರೆ, ಪದರ ಪದರವಾಗಿ ಬಿಚ್ಚಿ ತೋರಿಸುವುದು ಬೇರೆ. ಆ ವಿದ್ಯೆ ಭಾರತದಲ್ಲಿ ಗಟ್ಟಿಯಾದದ್ದು ೧೯೪೦ರ ದಶಕದಲ್ಲಿ. ಹಾಗಂತ ಮೊದಲು ಯಾರೂ ಇರಲಿಲ್ಲ ಅಂತಲ್ಲ. ಸುರಪುರದಲ್ಲಿದ್ದ ಮೆಡೋಸ್ ಟೇಲರ್ ೧೮೫೦ರ ಆಸುಪಾಸಿನಲ್ಲೇ ಕಲ್ಲುಗೋರಿಗಳನ್ನು ಅಗೆಸಿ, ಒಳಗಿನ ಪದರಗಳನ್ನು ಸೀಳಿ ತೋರಿಸುವ ನಕ್ಷೆ ಬರೆದಿದ್ದ. ಮೈಸೂರು ಪುರಾತತ್ವ ಇಲಾಖೆಯ ನಮ್ಮ ಡಾ. ಎಂ.ಎಚ್. ಕೃಷ್ಣ ಅವರು ಚಂದ್ರವಳ್ಳಿಯಲ್ಲೂ ಬ್ರಹ್ಮಗಿರಿಯಲ್ಲೂ ಅಗೆಸಿದ್ದರು. ೧೯೩೬ರಲ್ಲಿ ಹಲ್ಮಿಡಿ ಶಾಸನವನ್ನು ಬೆಳಕಿಗೆ ತಂದವರೂ ಅವರೇ. ಅವರ ಹೆಸರಿನ ಒಂದು ರಸ್ತೆಯಾದರೂ ನಮ್ಮ ಬಡಾವಣೆಗಳಲ್ಲಿ ಇರಬೇಕಿತ್ತು. ಹೋಗಲಿ.

೧೯೪೭. ದೇಶ ಸ್ವತಂತ್ರವಾಗುವ ವರ್ಷ. ಭಾರತ ಪುರಾತತ್ವ ಇಲಾಖೆಯ ಮುಖ್ಯಸ್ಥ ಮಾರ್ಟಿಮರ್ ವೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಗೆ ಬಂದ. ಮೊಳಕಾಲ್ಮೂರು ತಾಲ್ಲೂಕು. ಬಿ.ಎಲ್. ರೈಸ್ ೧೮೯೨ರಲ್ಲಿ ಅಲ್ಲಿ ಅಶೋಕನ ಬಂಡೆ ಶಾಸನ ಕಂಡುಹಿಡಿದಿದ್ದರು. ವೀಲರ್ ಅಗೆಯುವ ಜಾಗವನ್ನು ಚೌಕ ಚೌಕವಾಗಿ ಗುರುತು ಮಾಡಿಸಿದ. ಎರಡು ಚೌಕದ ನಡುವೆ ಅಗೆಯದ ಬದು ಬಿಟ್ಟ, ಹೊಲದಲ್ಲಿ ಬಿಡುತ್ತಾರಲ್ಲ, ಹಾಗೆ. ಆ ಬದುವಿನ ಗೋಡೆಯಲ್ಲಿ ಮಣ್ಣಿನ ಪದರಗಳು ಕೇಕು ಕೊಯ್ದ ಹಾಗೆ ಕಾಣುತ್ತವೆ. ಪ್ರತಿ ಪದರಕ್ಕೂ ನಂಬರು, ಪ್ರತಿ ಮಡಕೆ ಚೂರಿಗೂ ಪದರದ ಚೀಟಿ.

ಇದನ್ನು ನಿಮಗೆ ನಮ್ಮ ಭಾಷೆಯಲ್ಲಿ ಹೇಳಲೇ? ಮೆಜೆಸ್ಟಿಕ್ ಕಡೆ ಒಂದು ಪೋಸ್ಟರು ಗೋಡೆ ನೆನೆಸಿಕೊಳ್ಳಿ. ಸಿನಿಮಾ ಪೋಸ್ಟರ್ ಮೇಲೆ ಎಲೆಕ್ಷನ್ ಪೋಸ್ಟರ್, ಅದರ ಮೇಲೆ ನಮ್ಮ ಬಂದ್ ಕರೆ, ಅದರ ಮೇಲೆ ಟ್ಯೂಷನ್ ಜಾಹೀರಾತು. ಅಡಿಯಲ್ಲಿರುವುದು ಹಳೆಯದು. ಆದರೆ ಯಾವನೋ ಒಬ್ಬ ನಡುವೆ ದೊಡ್ಡದಾಗಿ ಹರಿದು, ಆ ಗುಂಡಿಯೊಳಗೆ ಹೊಸ ಪೋಸ್ಟರ್ ಅಂಟಿಸಿದರೆ? ಹೊಸದು ಆಳದಲ್ಲಿರುತ್ತದೆ. ನೆಲದಲ್ಲೂ ಹಾಗೇ. ಜನ ಹಗೇವು ತೋಡುತ್ತಾರೆ, ಬಾವಿ ತೋಡುತ್ತಾರೆ, ಹೆಣ ಹೂಳುತ್ತಾರೆ. 'ಇಷ್ಟು ಅಡಿ ಆಳದಲ್ಲಿ ಸಿಕ್ಕಿತು' ಎಂದರೆ ಅದಕ್ಕೆ ಬೆಲೆಯಿಲ್ಲ. ಯಾವ ಪದರದಲ್ಲಿ, ಆ ಪದರವನ್ನು ಯಾವ ಗುಂಡಿ ಕೊರೆದಿದೆ ಎಂದು ಹೇಳಬೇಕು. ಮೇಷ್ಟ್ರ ಮೂರು ಪ್ರಶ್ನೆಗಳ ಬೇರು ಇಲ್ಲಿದೆ. ನಮ್ಮ ಜೆಸಿಬಿ ಒಂದೇ ನಿಮಿಷದಲ್ಲಿ ಎಲ್ಲ ಪೋಸ್ಟರನ್ನೂ ಕಿತ್ತು ಮುದ್ದೆ ಮಾಡಿತ್ತು.

ಬ್ರಹ್ಮಗಿರಿಯಲ್ಲಿ ಮೂರು ಹಂತ ಕಂಡವು. ಅಡಿಯಲ್ಲಿ ಕಲ್ಲಿನ ಕೊಡಲಿಯ ಜನ. ಮೇಲೆ ಕಬ್ಬಿಣ ಬಳಸಿದ, ದೊಡ್ಡ ಕಲ್ಲುಗಳಿಂದ ಗೋರಿ ಕಟ್ಟಿದ ಜನ. ಅದರ ಮೇಲೆ ಶಾತವಾಹನರ ಕಾಲ. ಮೇಲಿನ ಪದರಕ್ಕೆ ಕಾಲ ಹೇಳಲು ಚಂದ್ರವಳ್ಳಿಯ ನಾಣ್ಯಗಳಿದ್ದವು. ರೋಮಿನ ಬೆಳ್ಳಿ ನಾಣ್ಯ ಚಿತ್ರದುರ್ಗದಲ್ಲಿ ಸಿಕ್ಕಿದೆ, ಗೊತ್ತೇ ನಿಮಗೆ? ಆ ತುದಿ ಹಿಡಿದು ವೀಲರ್ ಕೆಳಗೆ ಅಂದಾಜು ಮಾಡುತ್ತ ಹೋದ. ಕಲ್ಲುಗೋರಿಗಳು ಕ್ರಿ.ಪೂ. ೨೦೦ರಿಂದ, ಕಲ್ಲಿನ ಕೊಡಲಿಯ ಜನ ಹೆಚ್ಚೆಂದರೆ ಕ್ರಿ.ಪೂ. ೧೦೦೦ದ ಸುಮಾರಿಗೆ ಎಂದ.

ಪದರ ಓದಿದ್ದು ಸರಿ. ಇಸವಿ ತಪ್ಪು. ಸಣ್ಣ ತಪ್ಪಲ್ಲ, ಒಂದೂವರೆ ಸಾವಿರ ವರ್ಷದ ತಪ್ಪು!

ಅದನ್ನು ತಿದ್ದಿದ್ದು ರಸಾಯನಶಾಸ್ತ್ರ. ಅಮೆರಿಕದ ವಿಲ್ಲರ್ಡ್ ಲಿಬ್ಬಿ ೧೯೪೯ರಲ್ಲಿ ಇಂಗಾಲದ ಲೆಕ್ಕ ತೋರಿಸಿಕೊಟ್ಟ, ೧೯೬೦ರಲ್ಲಿ ಅದಕ್ಕೆ ನೊಬೆಲ್ ಬಂತು. ಮರ, ದನ, ಮನುಷ್ಯ, ಜೀವ ಇರುವ ಯಾವುದೇ ಆಗಲಿ, ಇಂಗಾಲ ೧೪ ಎಂಬ ಒಂದು ಬಗೆಯ ಇಂಗಾಲವನ್ನು ಒಳಗೆ ತೆಗೆದುಕೊಳ್ಳುತ್ತದೆ. ಸತ್ತ ಮೇಲೆ ಹೊಸದು ಬರುವುದಿಲ್ಲ, ಇದ್ದದ್ದು ಕರಗುತ್ತ ಹೋಗುತ್ತದೆ. ೫೭೩೦ ವರ್ಷಕ್ಕೆ ಅರ್ಧ. ಉಳಿದದ್ದು ಎಷ್ಟು ಎಂದು ಅಳೆದರೆ ಸತ್ತು ಎಷ್ಟು ಕಾಲವಾಯಿತು ಎಂದು ತಿಳಿಯುತ್ತದೆ. ಆಮೇಲೆ ಮರದ ಉಂಗುರಗಳ ಲೆಕ್ಕದ ಜೊತೆ ಹೋಲಿಸಿ ಇಸವಿ ತಿದ್ದುತ್ತಾರೆ. ೧೯೬೦ರ ದಶಕದಲ್ಲಿ ಮುಂಬಯಿಯ ಟಾಟಾ ಸಂಸ್ಥೆಯಲ್ಲೇ ಈ ಪರೀಕ್ಷೆ ನಡೆಯತೊಡಗಿತು. ಫಲಿತಾಂಶ ಏನು? ಬೂದಿಗುಡ್ಡದ ಜನ ಕ್ರಿ.ಪೂ. ೨೫೦೦ರ ಆಚೆಯವರು. ತುಂಗಭದ್ರೆಯ ದಡದ ಹಳ್ಳೂರಿನಲ್ಲಿ ಡಾ. ಎಂ.ಎಸ್. ನಾಗರಾಜರಾವ್ ೧೯೬೫ರಲ್ಲಿ ಅಗೆದರು. ಅಲ್ಲಿನ ಕಬ್ಬಿಣ ಕ್ರಿ.ಪೂ. ೧೦೦೦ದ ಆಸುಪಾಸಿನದು. ಕಬ್ಬಿಣ ದಕ್ಷಿಣಕ್ಕೆ ತಡವಾಗಿ ಬಂತು ಎಂಬ ಮಾತು ಅಲ್ಲಿಗೆ ಮುರಿದುಬಿತ್ತು.

ಇನ್ನೊಂದು ಮಾತು. ಈ ಪರೀಕ್ಷೆಗೆ ಬೇಕಾದದ್ದು ಚಿನ್ನವಲ್ಲ, ಶಾಸನವಲ್ಲ. ಒಂದು ಚೂರು ಇದ್ದಿಲು! ಹಿಂದಿನವರು ಗುದ್ದಲಿಯಲ್ಲಿ ಎಳೆದು ಎಸೆಯುತ್ತಿದ್ದ ಕಸ. ಪದರ ಕದಡಿಹೋಗಿದ್ದರೆ ಆ ಇದ್ದಿಲಿಗೂ ಬೆಲೆಯಿಲ್ಲ, ಯಾರ ಒಲೆಯದು ಎಂದು ಯಾರು ಹೇಳಬೇಕು?

ಮತ್ತೆ ಬೂದಿಗುಡ್ಡಕ್ಕೆ ಬರೋಣ. ರೇಮಂಡ್ ಆಲ್ಚಿನ್ ಎಂಬ ಇಂಗ್ಲೆಂಡಿನವರು ೧೯೫೨ರಲ್ಲಿ ಲಿಂಗಸುಗೂರು ತಾಲ್ಲೂಕಿನ ಪಿಕ್ಲಿಹಾಳದಲ್ಲಿ, ಆಮೇಲೆ ೧೯೫೭ರಲ್ಲಿ ಈಗ ತೆಲಂಗಾಣದಲ್ಲಿರುವ ಉಟ್ನೂರಿನಲ್ಲಿ ಅಗೆದರು. ಉಟ್ನೂರಿನ ಬೂದಿ ದಿಬ್ಬವನ್ನು ಪದರ ಪದರವಾಗಿ ಬಿಚ್ಚಿದಾಗ ಕಂಡದ್ದು ಕಂಬ ನೆಟ್ಟ ಗುಳಿಗಳ ಸಾಲು, ಅಂದರೆ ಬೇಲಿ. ಒಳಗೆ ದನದ ಗೊರಸಿನ ಗುರುತು! ನಾಲ್ಕೂವರೆ ಸಾವಿರ ವರ್ಷದ ಹಿಂದೆ ಒದ್ದೆ ನೆಲದ ಮೇಲೆ ನಡೆದ ದನದ ಹೆಜ್ಜೆ. ಅದು ದೊಡ್ಡಿ. ಸಗಣಿ ರಾಶಿ ಬೀಳುತ್ತಿತ್ತು, ಅದಕ್ಕೆ ಆಗಾಗ ಬೆಂಕಿ ಇಡುತ್ತಿದ್ದರು. ೧೯೬೦ರಲ್ಲಿ ಜಾಯ್ನರ್ ಎಂಬ ವಿಜ್ಞಾನಿ ಬೂದಿಯನ್ನೇ ಪರೀಕ್ಷಿಸಿ ಸಗಣಿ ಎಂದು ಖಚಿತಪಡಿಸಿದ. ಮಣ್ಣು ಓದುವ ಫೂಟ್ ಗೆದ್ದ.

ಬೆಂಕಿ ಯಾಕೆ ಇಟ್ಟರು? ಆಲ್ಚಿನ್ ನಮ್ಮ ಹಬ್ಬಗಳನ್ನು ನೋಡಿದರು. ಸಂಕ್ರಾಂತಿಗೆ ದನಗಳನ್ನು ಬೆಂಕಿಯ ಮೇಲೆ ಹಾಯಿಸುವುದು, ಹೋಳಿಯ ಬೆಂಕಿ. ವರ್ಷಕ್ಕೊಮ್ಮೆ ಹೀಗೊಂದು ಕಿಚ್ಚಿನ ಆಚರಣೆ ಅಂದೂ ಇದ್ದಿರಬಹುದು ಎಂದರು. ಇದು ಊಹೆ. ಒಳ್ಳೇ ಊಹೆ. ಆದರೆ ೧೯೬೦ರ ದಶಕದಲ್ಲಿ ಅಮೆರಿಕದ ಲೂಯಿಸ್ ಬಿನ್‌ಫೋರ್ಡ್ ಮತ್ತು ಸಂಗಡಿಗರು ಎದ್ದು ನಿಂತರು. ವಸ್ತು ಜೋಡಿಸಿ ಕಾಲ ಹೇಳಿದರೆ ಸಾಲದು, ಜನ ಹೇಗೆ ಬದುಕಿದರು, ಯಾಕೆ ಬದಲಾದರು ಎಂದು ಕೇಳಬೇಕು, ಹೇಳಿದ್ದನ್ನು ಪರೀಕ್ಷೆಗೆ ಒಡ್ಡಬೇಕು ಎಂದರು. 'ನವ ಪುರಾತತ್ವ' ಎಂದು ಹೆಸರಾಯಿತು. ನಮ್ಮ ಕಡೆ ಅದನ್ನು ಹೊಲಕ್ಕೆ ಇಳಿಸಿದವರು ಪುಣೆಯ ಡೆಕ್ಕನ್ ಕಾಲೇಜಿನ ಪ್ರೊ. ಕೆ. ಪದ್ದಯ್ಯ. ಹುಣಸಗಿ, ಸುರಪುರ ಸೀಮೆಯನ್ನು ವರ್ಷಗಟ್ಟಲೆ ಕಾಲ್ನಡಿಗೆಯಲ್ಲಿ ಸುತ್ತಿದವರು. ೧೯೯೦ರ ದಶಕದಲ್ಲಿ, ಇಲ್ಲಿ ನಾವು ಗೋಕಾಕ್ ಚಳವಳಿಯ ನೆನಪಿನಲ್ಲಿ ಬೋರ್ಡುಗಳಿಗೆ ಮಸಿ ಬಳಿಯುತ್ತಿದ್ದ ಕಾಲದಲ್ಲಿ, ಅವರು ಬೂದಿಹಾಳದಲ್ಲಿ ಬೂದಿ ದಿಬ್ಬ ಮಾತ್ರವಲ್ಲ, ಅದರ ಸುತ್ತಲ ಬಯಲನ್ನೂ ಅಗಲವಾಗಿ ಬಿಚ್ಚಿದರು. ದೊಡ್ಡಿಯ ಪಕ್ಕದಲ್ಲೇ ಮನೆಗಳು. ಪ್ರಾಣಿಗಳನ್ನು ಕಡಿದು ಹಸಿಗೆ ಮಾಡಿದ ಒಂದು ನೆಲ. ಅಂದರೆ ಬೂದಿಗುಡ್ಡ ಎಂದರೆ ಬರೀ ಬೂದಿಯಲ್ಲ, ಅದೊಂದು ಊರು!

ಅದಾದ ಮೇಲಿನವರು ಇನ್ನೊಂದು ಪ್ರಶ್ನೆ ಎತ್ತಿದ್ದಾರೆ. ಸಗಣಿ ಗೊಬ್ಬರ, ಬೆಲೆಬಾಳುವ ವಸ್ತು. ಅದನ್ನು ಹೊಲಕ್ಕೆ ಹಾಕದೆ ಪೀಳಿಗೆಗಟ್ಟಲೆ ಒಂದೇ ಕಡೆ ರಾಶಿ ಹಾಕಿ ಸುಟ್ಟದ್ದು ಬರೀ ಸ್ವಚ್ಛತೆಗೋ, ಅಥವಾ ದೂರದಿಂದ ಕಾಣುವ ಗುರುತಾಗಿ, ದೇವಸ್ಥಾನದ ಗೋಪುರದ ಹಾಗೆ ಎಬ್ಬಿಸಿದ್ದೋ? ವಸ್ತುವಿಗೆ ಉಪಯೋಗವಷ್ಟೇ ಅಲ್ಲ, ಅರ್ಥವೂ ಇರುತ್ತದೆ ಎಂದು ೧೯೮೦ರ ದಶಕದಿಂದ ಇಯನ್ ಹಾಡರ್ ಮುಂತಾದವರು ಹಿಡಿದ ವಾದದ ದಾರಿ ಇದು. ನನಗೆ ಇದರಲ್ಲಿ ಅರ್ಧ ಒಪ್ಪಿಗೆ, ಅರ್ಧ ಅನುಮಾನ. ಅರ್ಥವನ್ನು ಯಾವ ಮಷಿನ್ನಿನಲ್ಲಿ ಅಳೆಯುತ್ತೀರಿ?

ಅಳೆಯಬಹುದಾದ ಒಂದು ವಿಷಯ ಹೇಳುತ್ತೇನೆ. ಊಟ. ಬಳ್ಳಾರಿ ಪಕ್ಕದ ಸಂಗನಕಲ್ಲು, ಕುಪ್ಗಲ್ ಬೆಟ್ಟಗಳಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪ್ರೊ. ರವಿ ಕೋರಿಶೆಟ್ಟರ್, ಇಂಗ್ಲೆಂಡಿನ ಡೋರಿಯನ್ ಫುಲ್ಲರ್, ನಿಕೋಲ್ ಬೋಯ್ವಿನ್ ಮುಂತಾದವರು ಕೆಲಸ ಮಾಡಿದರು. ಅಗೆದ ಮಣ್ಣನ್ನು ನೀರಿಗೆ ಹಾಕಿದರು. ಅಕ್ಕಿ ತೊಳೆಯುವಾಗ ಜೊಳ್ಳು ತೇಲುತ್ತದಲ್ಲ, ಹಾಗೆ ಸುಟ್ಟು ಕರಿಯಾದ ಕಾಳುಗಳು ತೇಲಿ ಬಂದವು. ಜರಡಿ ಹಿಡಿದು, ಒಣಗಿಸಿ, ಸೂಕ್ಷ್ಮದರ್ಶಕದಲ್ಲಿ ನೋಡಿದರು. ಹುರುಳಿ. ಹೆಸರು. ಕೊರಲೆ. ಗೋಧಿ, ಬಾರ್ಲಿ ಆಮೇಲೆ ಬಂದವು. ಬೇರೆ ಕಡೆಯಿಂದ ಕಲಿತು ಬೇಸಾಯ ಶುರು ಮಾಡಿದವರಲ್ಲ, ಇಲ್ಲಿನ ಕಾಳನ್ನು ಇಲ್ಲೇ ಪಳಗ ಹಾಕಿದ ಜನ ಎಂದು ಈ ವಿದ್ವಾಂಸರು ಹೇಳುತ್ತಾರೆ.

ಕೊರಲೆ ಈಗಲೂ ಪಾವಗಡ, ಮಧುಗಿರಿ, ಚಿತ್ರದುರ್ಗದ ಕಡೆ ಬೆಳೆಯುತ್ತಾರೆ. ಹುರುಳಿ ಬಸ್ಸಾರು ನಿಮ್ಮ ಮನೆಯಲ್ಲಿ ಕಳೆದ ವಾರವೇ ಆಗಿರಬಹುದು. ನಾಲ್ಕು ಸಾವಿರ ವರ್ಷದ ಊಟ. ವೀಲರನ ಚೌಕದಲ್ಲಿ ಈ ಕಾಳು ಇರಲಿಲ್ಲವೇ? ಇದ್ದಿರಲೇಬೇಕು. ನೀರಿಗೆ ಹಾಕಿ ನೋಡುವ ಯೋಚನೆ ಆಗ ಹುಟ್ಟಿರಲಿಲ್ಲ. ಅದಕ್ಕೇ ಇವತ್ತಿನ ಪುರಾತತ್ವದವರು ಒಂದು ನೆಲವನ್ನು ಪೂರ್ತಿ ಅಗೆಯುವುದಿಲ್ಲ, ಒಂದು ಪಾಲು ಮುಂದಿನವರಿಗೆ ಬಿಡುತ್ತಾರೆ. ನಾಳೆ ಬರುವವರಿಗೆ ನಮಗಿಂತ ಒಳ್ಳೆಯ ಪ್ರಶ್ನೆ ಇರುತ್ತದೆ ಎಂದು.

ಈಗ ಕಷ್ಟದ ಮಾತು. ಕೋಪ ಮಾಡಿಕೊಳ್ಳಬೇಡಿ.

'ಹಾಗಾದರೆ ಅಣ್ಣ, ಬೂದಿಗುಡ್ಡದವರು ಕನ್ನಡಿಗರು! ಕನ್ನಡಕ್ಕೆ ಐದು ಸಾವಿರ ವರ್ಷ! ಹಾಕಿ ಪೋಸ್ಟರು!' ಎಂದು ಈಗಾಗಲೇ ಒಬ್ಬಿಬ್ಬರ ಕಣ್ಣು ಹೊಳೆಯುತ್ತಿದೆ. ನನ್ನ ಪ್ರೆಸ್ಸಿನಲ್ಲಿ ಆ ಪೋಸ್ಟರು ಆಗುವುದಿಲ್ಲ. ಅವರು ಯಾವ ಮಾತು ಆಡುತ್ತಿದ್ದರು? ದ್ರಾವಿಡ ಭಾಷೆ ಇರಬಹುದು ಎಂದು ಕೆಲವು ಭಾಷಾ ವಿದ್ವಾಂಸರು ಕಾರಣ ಕೊಟ್ಟು ವಾದಿಸುತ್ತಾರೆ. ಅದು ವಾದ. ಮಡಕೆಗೆ ಬಾಯಿ ಇದೆ, ನಾಲಗೆ ಇಲ್ಲ.

ಮಡಕೆಗೆ ನಾಲಗೆ ಅಂಟಿಸಿದವನೊಬ್ಬನ ಕಥೆ ಕೇಳಿ. ಜರ್ಮನಿಯ ಗುಸ್ತಾಫ್ ಕೊಸಿನ್ನಾ. ಎಲ್ಲಿ ಒಂದೇ ಬಗೆಯ ಮಡಕೆ, ಒಂದೇ ಬಗೆಯ ಆಯುಧ ಸಿಗುತ್ತದೋ ಅಲ್ಲಿದ್ದವರು ಒಂದೇ ಜನಾಂಗ, ಒಂದೇ ಭಾಷೆ ಎಂದು ೧೯೧೧ರಲ್ಲಿ ಬರೆದ. ಹಳೇ 'ಜರ್ಮನ್' ಮಡಕೆ ಸಿಕ್ಕ ಕಡೆಯೆಲ್ಲ ಜರ್ಮನ್ ನೆಲ ಎಂದ. ಪೋಲೆಂಡಿನ ವಿಸ್ಟುಲಾ ನದಿಯ ಸೀಮೆ ನಮ್ಮ ಪುರಾತನ ತಾಯ್ನೆಲ ಎಂದು ಪುಸ್ತಕವನ್ನೇ ಬರೆದ. ೧೯೩೧ರಲ್ಲಿ ಸತ್ತ. ಎರಡು ವರ್ಷದ ಮೇಲೆ ಹಿಟ್ಲರ್ ಗದ್ದುಗೆ ಹಿಡಿದ. ಕೊಸಿನ್ನಾನ ಮಡಕೆಗಳು ನಾಜಿಗಳ ಕೈಗೆ ಸಿಕ್ಕವು. ಮುಂದಿನದು ನಿಮಗೆ ಗೊತ್ತು. ಅವನೂ ತನ್ನ ಭಾಷೆಯ ಅಭಿಮಾನಿಯೇ, ನೆನಪಿಟ್ಟುಕೊಳ್ಳಿ. ಆ ಪೆಟ್ಟು ತಿಂದ ಮೇಲೆ ಪುರಾತತ್ವದವರು 'ಇದು ಇಂಥ ಜನಾಂಗದ್ದು' ಎನ್ನಲು ಹತ್ತು ಸಲ ಯೋಚಿಸುತ್ತಾರೆ.

ಹಾಗಂತ ಕನ್ನಡದ ಹಳಮೆಗೆ ಆಧಾರ ಇಲ್ಲವೇ? ಇದೆ, ಧಾರಾಳವಾಗಿ ಇದೆ. ಆದರೆ ಅದರ ಬಲ ಎಷ್ಟು ಎಂದು ತಿಳಿದು ಮಾತಾಡಿ. ಬ್ರಹ್ಮಗಿರಿಯ ಅಶೋಕನ ಶಾಸನ ಪ್ರಾಕೃತದ್ದು. ಅದರಲ್ಲಿ ಬರುವ 'ಇಸಿಲ' ಎಂಬ ಊರಿನ ಹೆಸರು ಕನ್ನಡ ಎಂದು ಡಿ.ಎಲ್. ನರಸಿಂಹಾಚಾರ್ಯರು ವಾದಿಸಿದರು. ಒಂದು ಪದ, ಒಂದು ವಾದ. ಹಲ್ಮಿಡಿ ಶಾಸನದ ಮೇಲೆ ಇಸವಿ ಇಲ್ಲ. ಕ್ರಿ.ಶ. ೪೫೦ ಎಂಬುದು ಲಿಪಿಯ ಆಕಾರ, ಒಳಗಿನ ಹೆಸರುಗಳನ್ನು ನೋಡಿ ಮಾಡಿದ ನಿರ್ಣಯ. ನಾನು ಮದುವೆ ಕರೆಯೋಲೆಯ ಕಾಲ ಹೇಳಿದ ಹಾಗೆ, ಆಚೆ ಈಚೆ ಆಗಬಹುದು. ತಾಳಗುಂದದ ಸಿಂಹ ಕಟಕಟೆಯ ಶಾಸನವನ್ನು ಕ್ರಿ.ಶ. ೩೭೦ರದು ಎಂದು ಪುರಾತತ್ವ ಇಲಾಖೆ ಹೇಳಿದೆ. ಅದು ದೇವಸ್ಥಾನದ ಮುಂದೆ ಉತ್ಖನನ ಮಾಡುವಾಗ ಸಿಕ್ಕಿದ್ದು. ಜೆಸಿಬಿಯಲ್ಲಿ ಎತ್ತಿ ಸರ್ಕಲ್ಲಿಗೆ ತಂದು ಪೇಂಟು ಬಳಿದಿದ್ದರೆ ಆ ಮಾತು ಆಡಲು ಯಾರಿಗೆ ಬಾಯಿ ಇರುತ್ತಿತ್ತು?

ತಮಿಳುನಾಡಿನ ಕೀಳಡಿ ಬಗ್ಗೆ ನಮ್ಮ ಹುಡುಗರು ಹೊಟ್ಟೆ ಉರಿದುಕೊಳ್ಳುತ್ತಾರೆ. ಕಾವೇರಿ ವಿಷಯದಲ್ಲಿ ಅವರ ಮೇಲೆ ನಮಗೆ ಜಗಳ ಇರಬಹುದು. ಆದರೆ ಅವರು ಮಾಡಿದ್ದೇನು? ಪದರದಿಂದ ಇದ್ದಿಲು ತೆಗೆದರು. ೩೫೩ ಸೆಂಟಿಮೀಟರ್ ಆಳದ ಒಂದು ಮಾದರಿಯನ್ನು ಅಮೆರಿಕದ ಪ್ರಯೋಗಾಲಯಕ್ಕೆ ಕಳಿಸಿದರು. ಕ್ರಿ.ಪೂ. ೫೮೦ ಎಂದು ಬಂತು. ೨೦೧೯ರಲ್ಲಿ ಅವರ ಸರ್ಕಾರ ವರದಿಯನ್ನು ತಮಿಳಿನಲ್ಲೂ ಅಚ್ಚು ಹಾಕಿಸಿತು. ಅಲ್ಲಿನ ಮಡಕೆಯ ಮೇಲಿನ ಬರಹದ ಕಾಲದ ಬಗ್ಗೆ ವಿದ್ವಾಂಸರ ವಾದ ಇನ್ನೂ ಮುಗಿದಿಲ್ಲ, ನಡೆಯಲಿ. ಆದರೆ ಬಸ್ ಕಂಡಕ್ಟರನೂ ಓದುವ ಹಾಗೆ ತನ್ನ ಭಾಷೆಯಲ್ಲಿ ವರದಿ ಇದೆ.

ನಮ್ಮಲ್ಲಿ? ಬ್ರಹ್ಮಗಿರಿಯ ವರದಿ ಇಂಗ್ಲಿಷಿನಲ್ಲಿ. ಬೂದಿಹಾಳದ್ದು ಇಂಗ್ಲಿಷಿನಲ್ಲಿ. ಸಂಗನಕಲ್ಲಿನ ಕೊರಲೆ, ಹುರುಳಿಯ ಕಥೆ ಇಂಗ್ಲಿಷಿನಲ್ಲಿ. ಡಾ. ಅ. ಸುಂದರ ಅವರಂಥ ಕೆಲವರು ಕನ್ನಡದಲ್ಲೂ ಬರೆದರು, ಅವರಿಗೆ ಕೈ ಮುಗಿಯಬೇಕು. ಆದರೆ ಬೂದಿಹಾಳದ ರೈತನ ಮಗ ತನ್ನ ಊರಿನ ಬೂದಿಯ ಕಥೆ ಓದಲು ಇಂಗ್ಲಿಷ್ ಕಲಿಯಬೇಕು! ಅಂಗಡಿ ಬೋರ್ಡಿಗೆ ಕನ್ನಡ ಬೇಕೆಂದು ಬೀದಿಗಿಳಿದವರು ನಾವು. ಕರ್ನಾಟಕದ ನೆಲ ಅಗೆದ ಪ್ರತಿಯೊಂದು ವರದಿಗೂ ಕನ್ನಡ ಪ್ರತಿ ಬೇಕೆಂದು ಒಂದು ಮನವಿಯನ್ನಾದರೂ ಕೊಟ್ಟಿದ್ದೇವೆಯೇ?

ಓದದ್ದರ ಫಲ ಕಣ್ಣ ಮುಂದೆ ಇದೆ. ಬೂದಿ ಹೊಲಕ್ಕೆ ಒಳ್ಳೆಯದು ಎಂದು ದಿಬ್ಬಗಳನ್ನು ಗಾಡಿಗಟ್ಟಲೆ ಕರಗಿಸಿದರು. ರೈತನನ್ನು ಬೈಯಬೇಡಿ, ಅವನಿಗೆ ಯಾರೂ ಹೇಳಲಿಲ್ಲ. ಸಂಗನಕಲ್ಲು, ಕುಪ್ಗಲ್ ಬೆಟ್ಟಗಳಲ್ಲಿ ಕಲ್ಲಿನ ಕೊಡಲಿ ತಯಾರಿಸಿದ ಜಾಗಗಳಿವೆ. ಬಡಿದರೆ ಗಂಟೆಯ ಹಾಗೆ ನಾದ ಕೊಡುವ ಬಂಡೆಗಳಿವೆ, ಅವುಗಳ ಮೇಲೆ ದನಗಳ ಚಿತ್ರ ಕುಟ್ಟಿದ್ದಾರೆ. ಅದೇ ಬೆಟ್ಟಗಳಿಗೆ ಕಲ್ಲುಗಣಿ ನುಗ್ಗಿ ಎಷ್ಟೋ ಭಾಗ ಜಲ್ಲಿಯಾಗಿ ಹೋಯಿತು. ಆ ಜಲ್ಲಿ ಯಾವ ರಸ್ತೆಯಲ್ಲಿದೆಯೋ.

ಮಾಡಬೇಕಾದ ಕೆಲಸ ಎರಡು ಹೇಳಿ ಕೂರುತ್ತೇನೆ. ನಾನೊಂದು ಕಾರ್ಡು ಅಚ್ಚು ಹಾಕಿದ್ದೇನೆ, ಜೇಬಿನಲ್ಲಿ ಇಡುವಷ್ಟು ದೊಡ್ಡದು. ಕಲ್ಲು ಸಿಕ್ಕರೆ ಮುಟ್ಟುವ ಮೊದಲು ನಾಲ್ಕೂ ಕಡೆಯಿಂದ ಫೋಟೋ ತೆಗೆಯಿರಿ, ಪಕ್ಕದಲ್ಲಿ ಒಂದು ಅಳತೆ ಪಟ್ಟಿ ಇಡಿ. ಮುಖ ಯಾವ ದಿಕ್ಕಿಗಿದೆ ಬರೆದುಕೊಳ್ಳಿ. ಹತ್ತಿರದ ಕೆರೆ, ಗುಡಿ, ಮರ ಗುರುತು ಹಾಕಿ. ಆಸಿಡ್ ಬೇಡ, ಪೇಂಟು ಬೇಡ, ಅರಿಶಿನ ಕುಂಕುಮವೂ ಬೇಡ. ತಹಶೀಲ್ದಾರರಿಗೂ ಪುರಾತತ್ವ ಇಲಾಖೆಗೂ ಬರಹದಲ್ಲಿ ತಿಳಿಸಿ, ಸ್ವೀಕೃತಿ ತೆಗೆದುಕೊಳ್ಳಿ. ಬಿಲ್ಡರ್ ಕಲ್ಲು ಎತ್ತಲು ಬಂದರೆ ಆಗ ಅಡ್ಡ ನಿಲ್ಲಿ, ಅದರಲ್ಲಿ ನೀವು ಗಟ್ಟಿಗರು. ಕಾರ್ಡು ಬಾಗಿಲಲ್ಲಿ ಇಟ್ಟಿದೆ, ಒಬ್ಬೊಬ್ಬರು ಹತ್ತು ತೆಗೆದುಕೊಂಡು ಹೋಗಿ.

ಎರಡನೆಯದು, ಮುಂದಿನ ತಿಂಗಳು ಬಳ್ಳಾರಿಗೆ ಹೋಗುತ್ತಿದ್ದೇವೆ. ಊರೊಳಗೆ ಫೂಟ್ ಹೆಸರಿನ ಸಂಗ್ರಹಾಲಯ ಇದೆ, ಅದನ್ನು ನೋಡಿ, ಸಂಗನಕಲ್ಲು ಬೆಟ್ಟ ಹತ್ತಿ, ಕುಡುತಿನಿ ಕಡೆಯ ಬೂದಿಗುಡ್ಡಕ್ಕೆ. ಮೇಷ್ಟ್ರೂ ಬರುತ್ತಾರೆ. ಮೊಣಕಾಲು ನೋವು, ಬೆಟ್ಟ ಹತ್ತುವಾಗ ಅವರ ಚೀಲ ಯಾರಾದರೂ ಹಿಡಿದುಕೊಳ್ಳಬೇಕು. ಹೋಗುವ ಮೊದಲು ಒಂದು ಭಾನುವಾರ ಸರ್ಕಲ್ಲಿನ ವೀರಗಲ್ಲಿನ ಪೇಂಟು ತೆಗೆಯುವ ಕೆಲಸ ಇದೆ. ಇಲಾಖೆಯವರು ಬಂದು ಮಾಡಿಸುತ್ತಾರೆ, ನಾವು ನೀರು ತರುವುದು, ಜನ ಕೈ ಹಾಕದ ಹಾಗೆ ನೋಡಿಕೊಳ್ಳುವುದು, ಅಷ್ಟೇ. ಅಕ್ಷರ ಎಷ್ಟು ಉಳಿದಿದೆಯೋ ಅವತ್ತು ಗೊತ್ತಾಗುತ್ತದೆ. ಬರುವವರು ಪ್ರೆಸ್ಸಿಗೆ ಬಂದು ಹೆಸರು ಬರೆಸಿ.